ಸಂತೆ ತಟ್ಟು, ಸೊಪ್ಪಿನ ಮಡಿ

ಯುಗಾದಿ ಹೊತ್ತಿಗೆ ಹಿರಿಯೂರು ಸೀಮೆಯಲ್ಲಿ ಬೇವು ಹೂಬಿಡುತ್ತದೆ, ಹೊಂಗೆ ಚಿಗುರುತ್ತದೆ. ಹೊಲಗಳು ಮಾತ್ರ ಬೋಳು. ಹಿಂದೆ ಆ ದಿನಗಳಲ್ಲಿ ಕಣ್ಣಿಗೆ ಹಸಿರು ಬೀಳುತ್ತಿದ್ದದ್ದು, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಗಳ ಬುಡದ ತರಕಾರಿ ಮಡಿಗಳಲ್ಲಿ. ಆ ಹಸಿರನ್ನು ಸಂತೆಗೆ ಮುಟ್ಟಿಸುತ್ತಿದ್ದದ್ದು ತಟ್ಟುಗಳು. ಗಿಡ್ಡ ಕಾಲಿನ, ಗಟ್ಟಿ ಗೊರಸಿನ ಆ ಕುದುರೆಗಳಿಗೂ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಜಾಗ ಸಿಗಬೇಕು.

ಚಿತ್ರದುರ್ಗದಲ್ಲಿ ಕುದುರೆ ಎಂದರೆ ಮೊದಲು ನೆನಪಾಗುವುದು ಇಲ್ಲಿ ಆಳಿದ ಪಾಳೆಯಗಾರ ನಾಯಕರ ದಂಡು. ಚಿಕ್ಕಣ್ಣ ನಾಯಕ ಬಾಗೂರಿನ ಮೇಲೆ ಕಣ್ಣಿಟ್ಟು 1675ರಲ್ಲಿ ಹೊಸದುರ್ಗದ ಕೋಟೆ ಕಟ್ಟಿಸಿದ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತು, ಮದಕರಿ ನಾಯಕ ಸೆರೆಯಾದ. ಯುದ್ಧದ ಈ ಕಥೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನಾಯಕರ ನೀರಿನ ಲೆಕ್ಕಾಚಾರ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡದಿಂದ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿಳಿದು ಪೇಟೆಯ ಸಂತೆಹೊಂಡಕ್ಕೆ ಬರುತ್ತಿತ್ತು. ಹೆಸರೇ ಹೇಳುವಂತೆ ಸಂತೆ ಕೂಡಿದ್ದು ಆ ನೀರಿನ ದಡದಲ್ಲಿ.

ದಂಡು ಹೋದರೂ ಸಂತೆ ಉಳಿಯಿತು, ಸಂತೆಯ ಜೊತೆ ತಟ್ಟೂ ಉಳಿಯಿತು. 1889ರಲ್ಲಿ ಬೆಂಗಳೂರಿನ ರೈಲು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಹಾದು ಹರಿಹರ ಮುಟ್ಟಿತು. ಹೊಸದುರ್ಗಕ್ಕೆ ಸಿಕ್ಕಿದ್ದು ಊರಿಂದ ದೂರದ 'ಹೊಸದುರ್ಗ ರೋಡ್' ನಿಲ್ದಾಣ. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿ, ಕುದುರೆ, ಇಲ್ಲವೇ ಸ್ವಂತ ಕಾಲು.

ನಾನು ಹುಡುಗಿಯಾಗಿದ್ದಾಗಲೂ ನಮ್ಮಜ್ಜನ ಹತ್ತಿರ ಒಂದು ತಟ್ಟು ಇತ್ತು. ಅದಕ್ಕೆ ಹೇರು ಹಾಕುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಮೊದಲು ಬೆನ್ನಿಗೆ ಮಡಿಸಿದ ಕಂಬಳಿ, ಅದರ ಮೇಲೆ ಎರಡೂ ಪಕ್ಕಕ್ಕೆ ಜೋತುಬೀಳುವ ಹಸುಬೆ. ಹಸುಬೆಯ ತಳಕ್ಕೆ ಈರುಳ್ಳಿ, ನಡುವೆ ಬದನೆ, ಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿದ ದಂಟು, ಮೆಂತ್ಯ. ಎರಡು ಕಡೆಯೂ ಸಮತೂಕ ಆಗುವ ತನಕ ಅಜ್ಜ ಬದನೆಕಾಯಿಗಳನ್ನು ಅತ್ತಿಂದಿತ್ತ ಹಾಕುತ್ತಲೇ ಇರುತ್ತಿದ್ದ. ಒಂದು ಕಡೆ ವಾಲಿದರೆ ಕುದುರೆಯ ಬೆನ್ನು ಹುಣ್ಣಾಗುತ್ತದೆ. ತಂಪು ಹೊತ್ತಿನಲ್ಲಿ ಹೊರಟು ಹೋಗುವಾಗ ಪಕ್ಕದಲ್ಲಿ ನಡಿಗೆ, ಹಸುಬೆ ಬರಿದಾದ ಮೇಲೆ ಬರುವಾಗ ಸವಾರಿ. ಮನೆಗೆ ಬಂದ ತಟ್ಟುವಿಗೆ ಬೇಯಿಸಿದ ಹುರುಳಿ. ಅದರ ಲದ್ದಿ ತಿಪ್ಪೆಗುಂಡಿಯಲ್ಲಿ ಮಾಗಿ ಮತ್ತೆ ಮಡಿಗೆ ಬೀಳುತ್ತಿತ್ತು. ಹಳೇ ಮೈಸೂರಿನ ಹಲವು ಊರುಗಳಲ್ಲಿ ಯುಗಾದಿಗೆ ಹೊನ್ನಾರು ಕಟ್ಟಿ ಮೊದಲ ಸಾಲು ಉಳುತ್ತಾರಲ್ಲ, ನಮ್ಮನೆಯಲ್ಲಿ ಅದೇ ದಿನ ಹೀರೆ, ಸೌತೆ ಬೀಜ ಊರಿ, ತಟ್ಟುವಿನ ಹಣೆಗೂ ಅರಿಶಿನ-ಕುಂಕುಮ ಇಡುತ್ತಿದ್ದರು.

ಅಷ್ಟರಲ್ಲಾಗಲೇ ಮಾರಿಕಣಿವೆಯ ಅಣೆಕಟ್ಟು ನಮ್ಮ ಸೀಮೆಯ ಬದುಕನ್ನು ಬದಲಿಸಿತ್ತು. 1907ರಲ್ಲಿ ಮುಗಿದ ಈ ವಾಣಿವಿಲಾಸ ಸಾಗರ ವೇದಾವತಿ ನದಿಯನ್ನು ಎರಡು ಗುಡ್ಡಗಳ ನಡುವೆ ತಡೆದು, ಹಿರಿಯೂರಿನ ಅಚ್ಚುಕಟ್ಟಿಗೆ ತೆಂಗು, ಅಡಿಕೆ ತಂದಿತು. ನಮ್ಮ ಊರು ಅಚ್ಚುಕಟ್ಟಿನ ಆಚೆ, ಕಪಿಲೆಯೇ ಗತಿ. ಆಮೇಲೆ ಬಸ್ಸು, ಲಾರಿ ಬಂದು ತಟ್ಟುಗಳನ್ನು ಸಂತೆಯಿಂದ ಓಡಿಸಿದವು. ಕೊಳವೆಬಾವಿ ಬಂದು ಕಪಿಲೆಯನ್ನು ಕಳಚಿತು, ಕೊನೆಗೆ ಬಾವಿಗಳೇ ಬತ್ತಿದವು.

1933ರಲ್ಲಿ ಕೋಡಿ ಬಿದ್ದಿದ್ದ ಜಲಾಶಯ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ, 2025ರಲ್ಲಿ ಇನ್ನೊಮ್ಮೆ ತುಂಬಿದಾಗ ಇಡೀ ಜಿಲ್ಲೆ ಜಾತ್ರೆಗೆ ಹೋದಂತೆ ನೋಡಲು ಹೋಯಿತು. ನಾನೂ ಹೋಗಿ ಬಾಗಿನ ಬಿಟ್ಟು ಬಂದೆ. ಆ ಸಂತೋಷದ ಜೊತೆ ನಮ್ಮವರಲ್ಲಿ ಎರಡು ಮಾತು ಕೇಳಿಕೊಳ್ಳುತ್ತೇನೆ. ನೀರು ಬಂದಿತೆಂದು ಇದ್ದಬದ್ದ ನೆಲಕ್ಕೆಲ್ಲ ಅಡಿಕೆ ಇಡಬೇಡಿ. ಮನೆಮಂದಿ ಉಣ್ಣುವಷ್ಟು ಸೊಪ್ಪು, ಕಾಯಿಗೆ ನಾಲ್ಕು ಮಡಿ ಬಿಡಿ. ಗ್ರಾಮನಕ್ಷೆಯಲ್ಲಿ ಇನ್ನೂ ಗೆರೆಯಾಗಿ ಉಳಿದಿರುವ ಬಂಡಿದಾರಿ, ಕಾಲುದಾರಿಗಳನ್ನು ಒತ್ತುವರಿಯಿಂದ ಬಿಡಿಸಿ. ಯುಗಾದಿಯ ಬೆಳಗ್ಗೆ ಮಕ್ಕಳು ಆ ದಾರಿಯಲ್ಲಿ ಕುದುರೆಯ ಮೇಲೋ ನಡೆದುಕೊಂಡೋ ಪಕ್ಕದೂರಿಗೆ ಹೋಗಿ ಬರಲಿ. ಕೋಟೆಯನ್ನು ಸರ್ಕಾರ ಕಾಯುತ್ತದೆ. ಅನ್ನ ಕೊಟ್ಟ ಈ ದಾರಿಗಳನ್ನು ಕಾಯಬೇಕಾದವರು ನಾವು.