ಅರಳು ಮರಳು

ಅರವತ್ತಕ್ಕೆ ಅರಳು ಮರಳು ಎಂಬ ಮಾತನ್ನು ಬೈಗುಳವಾಗಿ ಆಡುವವರು ಕಡಿಮೆ. ಅಜ್ಜ ಚಪ್ಪಲಿಯನ್ನು ದೇವರ ಮನೆಯಲ್ಲಿ ಬಿಟ್ಟಾಗ, ಎಂದೋ ತೀರಿಹೋದ ತಮ್ಮ ಇನ್ನೂ ಯಾಕೆ ಬರಲಿಲ್ಲವೆಂದು ಅಜ್ಜಿ ಬಾಗಿಲಿಗೆ ಬಂದು ನಿಂತಾಗ, ‘ಬಿಡು, ಅರಳು ಮರಳು’ ಅಂದುಬಿಟ್ಟರೆ ಮನೆಮಂದಿಯ ಸಿಟ್ಟು ಅರ್ಧ ಇಳಿಯುತ್ತದೆ. ಹುಚ್ಚು ಎಂದು ದೂರ ತಳ್ಳದೆ, ಹಿರಿಯರಿಗೆ ಜಗಲಿಯ ಮೇಲೆ ಜಾಗ ಉಳಿಸಿಕೊಟ್ಟ ಮಾತು ಇದು.

ಕಿವಿಗೂ ಹಿತ. ಅರಳುವುದು ಹೂವಿನ ಕೆಲಸ. ಮರಳು ಎಂದರೆ ಹಿಂದಿರುಗು, ಪಕ್ಕದಲ್ಲೇ ಮರುಳೂ ಕೂತಿದೆ. 1896ರಲ್ಲಿ ಹುಟ್ಟಿದ ಕವಿ ಬೇಂದ್ರೆಯವರು ಅರವತ್ತರ ಆಸುಪಾಸಿನಲ್ಲಿ ತಮ್ಮ ಸಂಕಲನಕ್ಕೆ ಇದೇ ಹೆಸರಿಟ್ಟರು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಆದರೂ ಈ ಮಾತಿನ ಮೇಲೆ ನನಗೊಂದು ತಕರಾರಿದೆ. ಸಮಾಧಾನ ಹೇಳುತ್ತಲೇ ಅದು ಆಸ್ಪತ್ರೆಯ ದಾರಿಗೆ ಅಡ್ಡ ನಿಲ್ಲುತ್ತದೆ. ವಯಸ್ಸಾದ ಮೇಲೆ ಇದ್ದದ್ದೇ ಅಂದಮೇಲೆ ಡಾಕ್ಟರ ಹತ್ತಿರ ಹೋಗುವವರು ಯಾರು? ಆದರೆ ನೆನಪು, ಬುದ್ಧಿ ಕುಂದಿಸುವ ಡಿಮೆನ್ಷಿಯಾ ಎಂಬ ಕಾಯಿಲೆ ವಯಸ್ಸಾದವರಿಗೆಲ್ಲ ಬರುವುದಿಲ್ಲ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಇದೆಯೆಂಬುದು 2023ರಲ್ಲಿ ಪ್ರಕಟವಾದ ಅಂದಾಜು. ಮರೆವೆಲ್ಲ ಡಿಮೆನ್ಷಿಯಾವೂ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಬಿದ್ದಾಗ ಪೆಟ್ಟಾಗಿ ತಲೆಯೊಳಗೆ ನಿಧಾನಕ್ಕೆ ಕಟ್ಟಿಕೊಂಡ ರಕ್ತ, ಇವೂ ಹಾಗೇ ಕಾಣುತ್ತವೆ. ಬೇಗ ತೋರಿಸಿದರೆ ಚಿಕಿತ್ಸೆಗೆ ಬಗ್ಗುತ್ತವೆ. ಒಂದೆರಡು ದಿನದಲ್ಲಿ ದಿಢೀರನೆ ಮಾತು ತಪ್ಪತೊಡಗಿದರೆ ಮೂತ್ರದ ಸೋಂಕೂ ಇದ್ದೀತು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರೆ ವಾಸಿಯಾಗಬಹುದಾದದ್ದೂ ವಾಸಿಯಾಗದೆ ಉಳಿಯುತ್ತದೆ.

ಡಿಮೆನ್ಷಿಯಾಕ್ಕೆ ದಾರಿ ಮಾಡಿಕೊಡುವ 14 ಅಂಶಗಳನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಪಟ್ಟಿ ಮಾಡಿದೆ. ಇವನ್ನು ಸರಿಪಡಿಸಿದರೆ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎನ್ನುತ್ತದೆ. ಬಿಪಿ, ಶುಗರ್, ಬೀಡಿ ಸಿಗರೇಟು ಗೊತ್ತಿದ್ದವೇ. ಕಿವಿ ಮಂದವಾಗುವುದೂ ಅದರಲ್ಲಿದೆ. ಕೇಳಿಸದವರು ನಗುವವರ ನಡುವೆ ಸುಮ್ಮನೆ ಕೂರುತ್ತಾರೆ, ಆಮೇಲೆ ಬಂದು ಕೂರುವುದನ್ನೇ ಬಿಡುತ್ತಾರೆ. ಕಿವಿಯ ಮೆಷಿನ್ ಬೀರುವಿನೊಳಗೆ ಡಬ್ಬಿಯಲ್ಲೇ ಇರುತ್ತದೆ. ಅದನ್ನು ಹೊರಗೆ ತೆಗೆಸಿ ಹಾಕಿಸುವುದೂ ಮಿದುಳಿನ ಆರೈಕೆಯೇ. ಈ ಕೆಲಸ ನಡುವಯಸ್ಸಿನಲ್ಲೇ ಶುರುವಾಗಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿರುವ ದೀರ್ಘಾವಧಿ ಅಧ್ಯಯನಕ್ಕೆ 45ರ ವಯಸ್ಸಿನಿಂದಲೇ ಜನರನ್ನು ಸೇರಿಸಿಕೊಂಡಿದ್ದಾರೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳನ್ನೂ ತೆರೆದಿವೆ.

ನೋಡಿಕೊಳ್ಳುವವರಿಗೆ ಈ ಮಾತಿನಿಂದ ಆಗುವ ಅನ್ಯಾಯ ಇನ್ನೂ ದೊಡ್ಡದು. ಕಾಯಿಲೆಯೇ ಅಲ್ಲ ಅಂದಮೇಲೆ ಆರೈಕೆಯೂ ಲೆಕ್ಕಕ್ಕಿಲ್ಲ. ಮುದ್ದೆ ಸಾರು ಉಂಡು ಕೈ ತೊಳೆದು ಐದು ನಿಮಿಷವಾಗಿರುವುದಿಲ್ಲ, ಮಾವ ಗೇಟಿನ ಹತ್ತಿರ ನಿಂತು ‘ಬೆಳಿಗ್ಗೆಯಿಂದ ಒಂದು ತುತ್ತು ಹಾಕಿಲ್ಲ ನೋಡಿ’ ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತಾರೆ. ಅವರು ಸುಳ್ಳಾಡುತ್ತಿಲ್ಲ, ಉಂಡದ್ದು ನೆನಪಿನಲ್ಲಿ ಇಲ್ಲವೇ ಇಲ್ಲ. ಬೀದಿಯೆಲ್ಲ ಸೊಸೆಯ ಮುಖ ನೋಡುತ್ತದೆ. ಎಂಜಲು ತಟ್ಟೆ ತಂದು ತೋರಿಸಿದರೆ ರಂಪ ಹೆಚ್ಚುತ್ತದೆ. ‘ಬನ್ನಿ ಮಾವ, ಒಂದ್ ಲೋಟ ಮಜ್ಜಿಗೆ ಕೊಡ್ತೀನಿ’ ಎಂದರೆ ಒಳಗೆ ಬರುತ್ತಾರೆ. ಯಾರೂ ಹೇಳಿಕೊಡದೆ ಅವಳು ಕಲಿತ ವಿದ್ಯೆ ಅದು. ರಾತ್ರಿ ಎದ್ದು ಚಿಲಕ ತೆಗೆದು ಹೊರಟುಬಿಟ್ಟಾರೆಂದು ಅವಳಿಗೆ ನಿದ್ದೆಯೂ ಇಲ್ಲ.

ಹಳೆಯ ಮಾತಿನಲ್ಲಿರುವ ಮಮತೆ ನಮಗಿನ್ನೂ ಬೇಕು. ‘ಇದ್ದದ್ದೇ’ ಎಂದು ಕೈಚೆಲ್ಲುವುದು ಬೇಡ. ಇಂಥ ಮನೆಗೆ ನೋಡಲು ಹೋದಾಗ ‘ನಾನ್ಯಾರು ಹೇಳಿ ನೋಡೋಣ’ ಎಂದು ಹಿರಿಯರನ್ನು ಪರೀಕ್ಷೆ ಮಾಡಬಾರದು. ನಮ್ಮ ಹೆಸರು ನಾವೇ ಹೇಳಿ, ಒಂದೆರಡು ಗಂಟೆ ಪಕ್ಕದಲ್ಲಿ ಕೂತು, ಸೊಸೆಗೆ ‘ನೀನು ಹೋಗಿ ಬಾರಮ್ಮ, ನಾವಿರ್ತೀವಿ’ ಎನ್ನಬೇಕು. ಅವಳು ಬ್ಯಾಂಕಿಗೋ ದೇವಸ್ಥಾನಕ್ಕೋ ಹೋಗಬಹುದು, ಬಾಗಿಲು ಹಾಕಿಕೊಂಡು ಮಲಗಲೂಬಹುದು.