ವೈಫೈ: ವಿಸ್ತರಣೆ ಇಲ್ಲದ ಹೆಸರು

ವೈಫೈ ಎಂದರೆ ‘ವೈರ್‌ಲೆಸ್ ಫಿಡೆಲಿಟಿ’ ಎಂದು ಬಾಯಿಪಾಠ ಮಾಡಿದವರು ಬಹಳ. ಅದು ತಪ್ಪು. 1999ರಲ್ಲಿ ‘ಐಇಇಇ 802.11ಬಿ’ ಎಂಬ ನಾಲಿಗೆ ತೊಡರುವ ಹೆಸರಿಗೆ ಬದಲಿ ಹುಡುಕಿಕೊಟ್ಟದ್ದು ಇಂಟರ್‌ಬ್ರ್ಯಾಂಡ್ ಕಂಪನಿ. ‘ಹೈಫೈ’ಗೆ ಪ್ರಾಸವಾಗಿ ಹುಟ್ಟಿದ ಪದವಿದು, ಫಿಡೆಲಿಟಿ ಆಮೇಲೆ ಜಾಹೀರಾತಿಗಾಗಿ ಅಂಟಿಸಿದ ಬಾಲ.

ಆಡುಮಾತಿನಲ್ಲಿ ಇಂಟರ್ನೆಟ್‌ಗೂ ಇದೇ ಹೆಸರು. ರಸ್ತೆ ಅಗೆದು ಕೇಬಲ್ ತುಂಡಾದರೂ ‘ವೈಫೈ ಹೋಯ್ತು’ ಎನ್ನುತ್ತಾರೆ. ನಿಜಕ್ಕೂ ವೈಫೈ ಎಂದರೆ ರೂಟರ್‌ಗೂ ಫೋನಿಗೂ ನಡುವಿನ ರೇಡಿಯೊ ಸಂಪರ್ಕವಷ್ಟೇ.

ಅದಕ್ಕೆ ಪೈಪೋಟಿ ಜಾಸ್ತಿ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಬ್ಲೂಟೂತ್, ಪಕ್ಕದ ಮನೆಯ ರೂಟರ್ ಎಲ್ಲವೂ ಇವೆ; ಮೈಕ್ರೋವೇವ್ ಒವನ್ ಕೆಲಸ ಮಾಡುವುದೂ ಸುಮಾರು 2.45ರಲ್ಲಿ. ಸಾರು ಬಿಸಿಯಾಗುವಷ್ಟು ಹೊತ್ತು ಮಾತ್ರ ವಿಡಿಯೊ ತಡವರಿಸಿದರೆ ಅನುಮಾನ ಅಡುಗೆಮನೆಯ ಮೇಲಿರಲಿ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದರೆ ಈ ಕಾಟ ತಪ್ಪುತ್ತದೆ, ಆದರೆ ಗೋಡೆ ದಾಟುವ ಕಸುವು ಅದಕ್ಕೆ ಕಡಿಮೆ.