‘ಧರ್ಮಾತ್ಮಾ’ದ ಊಟ: ಪುಣೆಯ ಒಂದು ಹಳೆಯ ಚಿತ್ರದಲ್ಲಿ ಜಾತಿ

ಅಮೆರಿಕದ ಹಳೆಯ ಚಿತ್ರಗಳಲ್ಲಿನ ವರ್ಣದ್ವೇಷದ ಬಗ್ಗೆ ಅಲ್ಲಿನವರು ಬಹಳ ಬರೆದಿದ್ದಾರೆ. ಗ್ರಿಫಿತ್‌ನ ‘ದಿ ಬರ್ತ್ ಆಫ್ ಎ ನೇಷನ್’ (1915) ಬಿಳಿಯ ನಟರ ಮುಖಕ್ಕೆ ಮಸಿ ಬಳಿದು ಕಪ್ಪು ಜನರ ಪಾತ್ರ ಮಾಡಿಸಿತು. ಅದೇ ವರ್ಷ ಬಿಳಿಯರ ಮೇಲ್ಮೆ ಸಾರುವ ಕು ಕ್ಲಕ್ಸ್ ಕ್ಲಾನ್ ಸಂಘಟನೆ ಮತ್ತೆ ತಲೆಯೆತ್ತಿತು. ನಮ್ಮಲ್ಲಿ ಇಂಥ ಪರಿಶೀಲನೆ ನಡೆಯಬೇಕಾದುದು ಜಾತಿಯನ್ನು ಮುಂದಿಟ್ಟುಕೊಂಡು. ಈ ಎರಡನ್ನು ಜೊತೆಗಿಟ್ಟು ನೋಡಿದವರಲ್ಲಿ ಪುಣೆಯ ಜೋತಿರಾವ್ ಫುಲೆ ಮೊದಲಿಗರ ಸಾಲಿನವರು. 1873ರ ತಮ್ಮ ‘ಗುಲಾಮಗಿರಿ’ಯನ್ನು ಅವರು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕನ್ನರಿಗೆ. ಹಾಗಾಗಿ ಫುಲೆಯವರ ಊರಲ್ಲೇ ತಯಾರಾದ ಒಂದು ಚಿತ್ರವನ್ನು ಇಲ್ಲಿ ಎತ್ತಿಕೊಂಡಿದ್ದೇನೆ: ಪ್ರಭಾತ್ ಫಿಲ್ಮ್ ಕಂಪನಿಯ ‘ಧರ್ಮಾತ್ಮಾ’ (1935).

ಪ್ರಭಾತ್ ಕೊಲ್ಹಾಪುರದಿಂದ ಪುಣೆಗೆ ಬಂದದ್ದು 1933ರಲ್ಲಿ. ಅದಕ್ಕೆ ಹಿಂದಿನ ವರ್ಷ, ಸೆಪ್ಟೆಂಬರ್ 24ರಂದು, ಇದೇ ಊರಿನ ಯರವಡಾ ಜೈಲಿನಲ್ಲಿ, ದಲಿತರ ಚುನಾವಣಾ ಪ್ರಾತಿನಿಧ್ಯ ಕುರಿತ ಪುಣೆ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಅಸ್ಪೃಶ್ಯತೆಯ ಮಾತು ಮನೆಮನೆಯಲ್ಲೂ ನಡೆಯುತ್ತಿದ್ದ ಆ ಹೊತ್ತಿನಲ್ಲಿ ವಿ. ಶಾಂತಾರಾಮ್ ಪೈಠಣದ ಸಂತ ಏಕನಾಥನ ಕಥೆಯನ್ನು ಆರಿಸಿಕೊಂಡರು. ಏಕನಾಥನಾದವರು ಮರಾಠಿ ರಂಗಭೂಮಿಯ ಸ್ತ್ರೀಪಾತ್ರಗಳಿಂದ ಹೆಸರಾದ ಬಾಲಗಂಧರ್ವ. ಚಿತ್ರಕ್ಕೆ ಮೊದಲಿಟ್ಟ ಹೆಸರು ‘ಮಹಾತ್ಮಾ’. ಅದು ಗಾಂಧಿಯವರನ್ನು ನೆನಪಿಸುತ್ತದೆಂದು ಸೆನ್ಸಾರಿನವರು ಆಕ್ಷೇಪಿಸಿದ್ದರಿಂದ ‘ಧರ್ಮಾತ್ಮಾ’ ಆಯಿತು.

ಚಿತ್ರದ ತಿರುಳು ಒಂದು ಊಟ. ಅಸ್ಪೃಶ್ಯರೆನಿಸಿಕೊಂಡ ಮಹಾರರ ಜಾಯಿ ಎಂಬ ಪುಟ್ಟ ಹುಡುಗಿ ಏಕನಾಥನನ್ನು ಊಟಕ್ಕೆ ಕರೆಯುತ್ತಾಳೆ. ಆತ ಹೋಗಿ ಉಣ್ಣುತ್ತಾನೆ. 1935ರ ಪ್ರೇಕ್ಷಕರ ಮುಂದೆ ಇದನ್ನು ತೋರಿಸಲು ಎದೆಗಾರಿಕೆ ಬೇಕಿತ್ತು, ಅನುಮಾನವಿಲ್ಲ. ಆದರೆ ಊಟ ಮುಗಿದ ಮೇಲೆ ಕಥೆ ಯಾರ ಹಿಂದೆ ಹೋಗುತ್ತದೆ ಎಂಬುದನ್ನು ಗಮನಿಸಬೇಕು. ಬಹಿಷ್ಕಾರ ಏಕನಾಥನಿಗೆ, ಮಗನ ವಿರೋಧ ಏಕನಾಥನಿಗೆ, ಕೊನೆಗೆ ಕಾಶಿಯ ಶಾಸ್ತ್ರಿಗಳ ಮುಂದೆ ನಡೆಯುವ ವಿಚಾರಣೆಯೂ ಏಕನಾಥನದೇ. ಯಾರನ್ನು ಮುಟ್ಟಬಾರದು ಎಂಬುದೇ ವ್ಯಾಜ್ಯವಾಗಿದ್ದರೂ ಆ ಜನ ಅದರಲ್ಲಿ ಕಕ್ಷಿದಾರರಲ್ಲ. ಅವರ ಮನುಷ್ಯತ್ವಕ್ಕೆ ಸಾಕ್ಷಿ ಹೇಳಲು ಒಬ್ಬ ಬ್ರಾಹ್ಮಣ ಸಂತ ಬೇಕು, ಮನ್ನಣೆ ಕೊಡಲು ಇನ್ನೊಬ್ಬ ಬ್ರಾಹ್ಮಣ ಪಂಡಿತ ಬೇಕು. ನನ್ನ ದೃಷ್ಟಿಯಲ್ಲಿ ಈ ಚಿತ್ರದ ಪೂರ್ವಗ್ರಹ ಇರುವುದು ಖಳನಾದ ಮಹಂತನ ಬಾಯಲ್ಲಲ್ಲ, ಕಥೆಯ ಈ ಕಟ್ಟಿನಲ್ಲಿ.

ಆಗ ಬೇರೆ ಕಥೆ ಸಿಗುತ್ತಿರಲಿಲ್ಲವೇ? ಸ್ಟುಡಿಯೋದಿಂದ ಕೆಲವೇ ಕಿಲೋಮೀಟರ್ ದೂರದ ಪಾರ್ವತಿ ಬೆಟ್ಟದ ದೇವಾಲಯ ಪ್ರವೇಶಕ್ಕಾಗಿ 1929ರಲ್ಲಿ ದಲಿತರು ಸತ್ಯಾಗ್ರಹ ಹೂಡಿದ್ದರು. ಶಿವರಾಮ ಜಾನಬಾ ಕಾಂಬಳೆ, ರಾಜಭೋಜ ಮೊದಲಾದವರು ಮುಂದಾಳುಗಳು. ಸತ್ಯಾಗ್ರಹಿಗಳ ಮೇಲೆ ಕಲ್ಲುಗಳು ಬಿದ್ದವು. ಅಂಬೇಡ್ಕರ್ ತಾನು ಹಿಂದೂವಾಗಿ ಸಾಯುವುದಿಲ್ಲವೆಂದು ಯೇವಲಾದಲ್ಲಿ ಸಾರಿದ್ದು 1935ರಲ್ಲೇ. ‘ಧರ್ಮಾತ್ಮಾ’ದಲ್ಲಿ ಜಾಯಿ ಕರೆಯುತ್ತಾಳೆ, ಕೈಮುಗಿಯುತ್ತಾಳೆ, ಹಕ್ಕು ಕೇಳುವುದಿಲ್ಲ.

ಈ ಮಾತಿಗೆ ನಮ್ಮದೇ ಒಂದು ಒರೆಗಲ್ಲಿದೆ. ಶಿವರಾಮ ಕಾರಂತರ ‘ಚೋಮನ ದುಡಿ’ ಹೊರಬಂದದ್ದು 1933ರಲ್ಲಿ. ಅದರ ದಲಿತ ನಾಯಕ ಚೋಮನಿಗೆ ಬೇಕಾದದ್ದು ಸಹಪಂಕ್ತಿಯಲ್ಲ, ಬೇಸಾಯಕ್ಕೆ ಒಂದು ತುಂಡು ನೆಲ. ಬಿ.ವಿ. ಕಾರಂತರ 1975ರ ಚಿತ್ರದಲ್ಲೂ ವಾಸುದೇವರಾವ್ ಅವರ ಚೋಮನ ಜೊತೆಗೇ ಕಥೆ ಸಾಗುತ್ತದೆ, ಧಣಿಯ ಪಶ್ಚಾತ್ತಾಪದ ಜೊತೆಗಲ್ಲ. ಅಂಥದ್ದೊಂದು ಕಥೆಯನ್ನು ಆ ಕಾಲದಲ್ಲೇ ಕಲ್ಪಿಸಿಕೊಳ್ಳಬಹುದಿತ್ತು ಎನ್ನಲು ಆ ಕಾದಂಬರಿಯೇ ಪುರಾವೆ.

ಮರಾಠಿಯಲ್ಲಿ ನೋಟದ ದಿಕ್ಕನ್ನು ಪೂರಾ ಬದಲಿಸಿದವರು ಪುಣೆ ವಿಶ್ವವಿದ್ಯಾಲಯದಲ್ಲಿ ಮರಾಠಿ ಓದಿದ ನಾಗರಾಜ ಮಂಜುಳೆ. ಅವರ ‘ಫ್ಯಾಂಡ್ರಿ’ಯಲ್ಲಿ (2013) ಜಬ್ಯಾ ಎಂಬ ಹುಡುಗನ ಕೈಕಾಡಿ ಕುಟುಂಬ, ನಮ್ಮ ಕೊರಚರ ನಂಟಿನ ಸಮುದಾಯ, ಹಿಡಿದ ಹಂದಿಯನ್ನು ಹೊತ್ತು ಶಾಲೆಯ ಗೋಡೆಯ ಪಕ್ಕ ನಡೆಯುತ್ತದೆ. ಗೋಡೆಯ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆಯವರ ಚಿತ್ರಗಳಿವೆ. ಕೊನೆಗೆ ಜಬ್ಯಾ ಎಸೆಯುವ ಕಲ್ಲು ಕ್ಯಾಮೆರಾದತ್ತಲೇ ಬರುತ್ತದೆ.

ಇದೆಲ್ಲ ಮುಗಿದ ಕಾಲದ ಮಾತು ಎನ್ನುವಂತಿಲ್ಲ. 2025ರಲ್ಲಿ ಜೋತಿರಾವ್, ಸಾವಿತ್ರಿಬಾಯಿ ಫುಲೆಯವರ ಬದುಕು ಕುರಿತ ಅನಂತ ಮಹಾದೇವನ್ ಅವರ ‘ಫುಲೆ’ ಚಿತ್ರಕ್ಕೆ ಮಹಾರಾಷ್ಟ್ರದ ಬ್ರಾಹ್ಮಣ ಸಂಘಟನೆಗಳು ಆಕ್ಷೇಪವೆತ್ತಿದವು. ಸೆನ್ಸಾರ್ ಮಂಡಳಿ ಮಹಾರ್, ಮಾಂಗ್ ಎಂಬ ಜಾತಿಯ ಹೆಸರುಗಳನ್ನೂ ಪೇಶ್ವಾಯಿಯ (ಪೇಶ್ವೆಗಳ ಆಳ್ವಿಕೆಯ) ಉಲ್ಲೇಖವನ್ನೂ ತೆಗೆಯುವಂತೆ ಹೇಳಿತು. ಏಪ್ರಿಲ್ 11ಕ್ಕೆ ಬರಬೇಕಿದ್ದ ಚಿತ್ರ 25ಕ್ಕೆ ಬಂತು. ತುಳಿಸಿಕೊಂಡವರ ಹೆಸರನ್ನೇ ಅಳಿಸಿ ಹೇಳಿದ ಇತಿಹಾಸ ಯಾರ ಇತಿಹಾಸ?

ಹಳೆಯ ಚಿತ್ರಗಳನ್ನು ಬಚ್ಚಿಡಬೇಕೆಂಬುದು ನನ್ನ ವಾದವಲ್ಲ. 2020ರಲ್ಲಿ ಅಮೆರಿಕದ ಸ್ಟ್ರೀಮಿಂಗ್ ಸಂಸ್ಥೆಯೊಂದು ವರ್ಣದ್ವೇಷದ ಟೀಕೆಗೆ ಗುರಿಯಾದ ‘ಗಾನ್ ವಿತ್ ದಿ ವಿಂಡ್’ ಅನ್ನು ಹಿಂತೆಗೆದುಕೊಂಡು, ಕಪ್ಪು ವಿದ್ವಾಂಸೆ ಜ್ಯಾಕ್ವೆಲಿನ್ ಸ್ಟೀವರ್ಟ್ ಅವರ ಪ್ರಸ್ತಾವನೆಯೊಂದಿಗೆ ಮತ್ತೆ ತೋರಿಸಿತು. 1964ರಿಂದ ಪುಣೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೂ ನಮ್ಮ ಫಿಲ್ಮ್ ಸೊಸೈಟಿಗಳಿಗೂ ನನ್ನ ವಿನಂತಿ ಅಷ್ಟೇ: ‘ಧರ್ಮಾತ್ಮಾ’ವನ್ನು ತೋರಿಸಿ, ಅದಕ್ಕೆ ಮೊದಲು ಒಬ್ಬ ದಲಿತ ಇತಿಹಾಸಕಾರರನ್ನು ಕರೆದು ಪಾರ್ವತಿ ಸತ್ಯಾಗ್ರಹದ ಬಗ್ಗೆ ಹತ್ತು ನಿಮಿಷ ಮಾತನಾಡಿಸಿ.